ನಾನು ಬಿಟ್ಟ ಉಪ್ಪು

11 ಫೆಬ್ರವರಿ 2025, ಮಂಗಳವಾರ

ಅಮ್ಮನವರ ವಾರ, ಒಪ್ಪತ್ತು. ಕಸ, ಕೊಟ್ಟಿಗೆ ಮುಗಿಸಿ ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇವರ ಬಿಪಿ ಇಳಿಯಲೆಂದು ದೀಪಾವಳಿಯಿಂದ ನಾನು ಉಪ್ಪು ಬಿಟ್ಟು ಹರಕೆ ಹೊತ್ತಿದ್ದೇನೆ. ನರ್ಸ್ ಇಬ್ಬರಿಗೂ ಪಟ್ಟಿ ಕಟ್ಟಿ ನೋಡಿದಳು. ನನ್ನದು ಸರಿಯಾಗಿದೆ. ಇವರದು ಇನ್ನೂರರ ಹತ್ತಿರ.

"ಬಿಪಿ ಅವರಿಗೈತೆ, ಉಪ್ಪು ನೀವು ಬಿಟ್ರೆ ಹೆಂಗಕ್ಕ? ಹಿಂಗೇ ಆದ್ರೆ ಲಕ್ವ ಹೊಡೀತೈತೆ" ಅಂದಳು.

"ಮನೆಗೊಬ್ರು ಬಿಟ್ರೆ ಸಾಲ್ದೇನವ್ವ?" ಎಂದು ಇವರು ನಕ್ಕರು. ನನ್ನ ಪಾಲಿನ ಉಪ್ಪಿನಕಾಯಿಯನ್ನೂ ಇವರಿಗೇ ಬಡಿಸುತ್ತಿದ್ದೆ.

ಹರಕೆಯನ್ನು ಇವರ ತಟ್ಟೆಗೆ ದಾಟಿಸಲು ಅಮ್ಮನವರ ಅಪ್ಪಣೆ ಬೇಕು. ಸೊಸೆ ಕಾವ್ಯಳಿಗೆ ಹೇಳಿದ್ದೇನೆ, "ಬೆಳಿಗ್ಗೆ ಗುಡಿಗೆ ಹೋಗಿ ಹೂ ಕೇಳ್ಕಂಡು ಬಾರವ್ವ. ನಿಮ್ಮ ಮಾವ ಊಟಕ್ಕೆ ಕುಂತ್ಕಳಕ್ಕೆ ಮೊದ್ಲೇ ಬಾ."