ಹೆಡ್ ಕ್ಲರ್ಕ್ ಒಪ್ಪಿಸಿಹೋದ ಕ್ರೋಟನ್

ಹೊಸದುರ್ಗ
೧೬ ಜುಲೈ ೧೯೭೩, ಸೋಮವಾರ

ಬೆಳಿಗ್ಗೆ ಮೂರು ಸ್ಟೆನ್ಸಿಲ್ ಟೈಪ್ ಮಾಡಿ ಮುಗಿಸಿದೆ. ಕ್ರೋಟನ್ ಗಿಡ ಮತ್ತೆ ನಾಲ್ಕು ಎಲೆ ಉದುರಿಸಿದೆ. ಹೆಡ್ ಕ್ಲರ್ಕ್ ಗಂಗಾಧರಪ್ಪನವರು ಕಣ್ಣಿನ ಆಪರೇಷನ್‌ಗೆಂದು ದಾವಣಗೆರೆಗೆ ಹೋಗಿ ಹತ್ತು ದಿನವಾಯಿತು. ಹೋಗುವ ಮುಂಚೆ ಕುಂಡವನ್ನು ತಾವೇ ಹೊತ್ತು ತಂದು ನನ್ನ ಟೈಪ್‌ರೈಟರ್ ಪಕ್ಕದ ಕಿಟಕಿಯಲ್ಲಿಟ್ಟರು.

"ನಮ್ಮನೆಯವ್ಳು ಹಾಕಿದ್ದಮ್ಮ. ಅವ್ಳು ಹೋದ್ಮೇಲೆ ಇದೊಂದು ಉಳಿದೈತೆ. ನೋಡ್ಕೋ ಯಲ್ಲಕ್ಕ."

ಕೆಲಸಕ್ಕೆ ಸೇರಿ ಒಂದು ವರ್ಷ. ಈ ಆಫೀಸಿನಲ್ಲಿ ನನ್ನನ್ನು ನಂಬಿ ಯಾರೂ ಏನನ್ನೂ ಒಪ್ಪಿಸಿರಲಿಲ್ಲ.

ಎಲೆ ಬಾಡಿದೆ... ನೀರು ಸಾಲದೇನೋ. ಒಂದು ಚೊಂಬು ಹೆಚ್ಚಿಗೆ ಹಾಕಿದೆ.

೧೯ ಜುಲೈ

ಇನ್ನಷ್ಟು ಹಳದಿ. ಕಾಂಡದ ಬುಡ ಒತ್ತಿದರೆ ಮೆತ್ತಗೆ. ಮಣ್ಣು ನಾರುತ್ತಿದೆ. ಎದುರು ಟೇಬಲ್ಲಿನ ಮುರುಗಪ್ಪನವರು ನಕ್ಕರು.

"ಕುರಿ ಕಾಯೋರ ಮನೆಯೋಳು. ಗಿಡ ಮೇಯ್ಸೋದು ಗೊತ್ತು. ಸಾಕೋದು ಗೊತ್ತೇನಮ್ಮ?"

ಟೈಪ್ ಮಾಡಿದೆ. ಒಂದೇ ಸಾಲಿನಲ್ಲಿ ಎರಡು ತಪ್ಪು.

೨೦ ಜುಲೈ

ಮಧ್ಯಾಹ್ನ ಊಟಕ್ಕೆ ಏಳದೆ ಕುಳಿತೇ ಇದ್ದೆ. ಅಟೆಂಡರ್ ಕಾಟಯ್ಯ ಬಂದು ಕುಂಡಕ್ಕೆ ಒಂದು ಲೋಟ ನೀರು ಸುರಿದ. ಮುರುಗಪ್ಪನವರು ತಾವು ಕುಡಿದು ಉಳಿದದ್ದನ್ನು ಸುರಿದರು. ಕಾಟಯ್ಯನನ್ನು ಕೇಳಿದೆ.

"ದಿನಾ ಎಲ್ರೂ ಹಾಕ್ತೀವಿ ಕಣಮ್ಮ. ಹೆಡ್ ಕ್ಲರ್ಕ್ ಬರೋ ಹೊತ್ಗೆ ಹಸ್ರಾಗಿರ್ಲಿ ಅಂತ."

ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಬೈಯುವುದು ಯಾರನ್ನು? ಎಲ್ಲರಿಗಿಂತ ಹೆಚ್ಚು ಸುರಿದವಳು ನಾನೇ.

೨೨ ಜುಲೈ, ಭಾನುವಾರ

ಶ್ರೀರಾಂಪುರದ ಬಸ್ಸು ಹಿಡಿದು ಊರಿಗೆ ಹೋದೆ. ಅವ್ವ ಹಟ್ಟಿಯ ಮುಂದೆ ಕುಂಟುವ ಕುರಿಯೊಂದರ ಗೊರಸು ಕೆರೆಯುತ್ತ ಕೂತಿದ್ದಳು. ಗಿಡದ ಕಥೆ ಹೇಳಿದೆ. ತಲೆ ಎತ್ತದೆ ಕೇಳಿದಳು.

"ಕೆಸರಾಗೆ ನಿಂತ ಕುರಿಗೆ ಏನ್ ಮಾಡ್ತೀವಿ? ಕೊಳ್ತಿದ್ದು ಕೊಯ್ದು, ಬೂದಿ ಹಚ್ಚಿ, ಒಣಗಿದ್ ಕಡೆ ನಿಲ್ಲುಸ್ತೀವಿ. ನಿನ್ ಗಿಡಕ್ಕೂ ಕಾಲು ಕೊಳ್ತೈತೆ. ಕೊಯ್ಯಾಕೆ ಹೆದರ್ಬ್ಯಾಡ."

ಒಲೆಯ ಬೂದಿ ಕಟ್ಟಿಕೊಟ್ಟಳು.

೨೩ ಜುಲೈ

ಆಫೀಸಿಗೆ ಒಂದು ಗಂಟೆ ಮುಂಚೆ ಹೋದೆ. ಕುಂಡವನ್ನು ಹಿತ್ತಲಿಗೆ ಒಯ್ದು ಮಗುಚಿದೆ. ತಳದ ತೂತು ಪೂರಾ ಕಟ್ಟಿಕೊಂಡಿತ್ತು. ಬೇರೆಲ್ಲ ಕಪ್ಪು, ಮುಟ್ಟಿದರೆ ಕಳಚಿ ಬರುತ್ತಿತ್ತು. ಬ್ಲೇಡಿನಲ್ಲಿ ಕೊಯ್ದೆ, ಬಿಳಿ ಕಾಣುವ ತನಕ. ಉಳಿದದ್ದು ನಾಲ್ಕೈದು ಎಳೆ. ಬೂದಿ ಹಚ್ಚಿ, ತಳಕ್ಕೆ ಹೆಂಚಿನ ಚೂರು ಹಾಕಿ, ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಅಷ್ಟು ಬೇರಿಗೆ ಕೊಂಬೆಗಳು ಭಾರ. ಅವನ್ನೂ ಕತ್ತರಿಸಿದೆ. ಕೊನೆಗೆ ಗೇಣುದ್ದದ ಕಡ್ಡಿ.

"ಮುಗ್ಸೇ ಬಿಟ್ಯಲ್ಲಮ್ಮ," ಎಂದರು ಮುರುಗಪ್ಪನವರು.

"ಇನ್ಮೇಲೆ ಯಾರೂ ನೀರು ಹಾಕ್ಬ್ಯಾಡ್ರಿ. ನೀವೂ ಅಷ್ಟೇ ಸಾರ್. ಸತ್ರೆ ಉತ್ರ ನಾನು ಕೊಡ್ತೀನಿ."

ಎಲ್ಲರೂ ತಿರುಗಿ ನೋಡಿದರು. ನನ್ನ ದನಿ ಅಷ್ಟು ಗಟ್ಟಿಯಿದೆ ಎಂದು ನನಗೂ ಗೊತ್ತಿರಲಿಲ್ಲ.

೨ ಆಗಸ್ಟ್

ಕಡ್ಡಿ ಕಡ್ಡಿಯಾಗಿಯೇ ಇದೆ. ಬೆರಳು ಇಳಿಸಿದೆ. ಒಳಗೆ ತೇವ. ನೀರು ಹಾಕಲಿಲ್ಲ. ಹಾಕದೆ ಇರುವುದೇ ಕಷ್ಟ. ಚೊಂಬು ಎದುರಿಗೇ ಇರುತ್ತದೆ.

ಉಗುರಿನಲ್ಲಿ ತೊಗಟೆ ಗೀರಿದೆ — ಒಳಗೆ ಹಸಿರು. ಬಿಡುವುದಿಲ್ಲ.

೨೦ ಆಗಸ್ಟ್

ಕಡ್ಡಿಯ ಗಂಟಿನ ಹತ್ತಿರ ಸಾಸಿವೆಕಾಳಿನಷ್ಟು ಉಬ್ಬು. ಯಾರಿಗೂ ಹೇಳಲಿಲ್ಲ. ಸಂಜೆ ಮುರುಗಪ್ಪನವರು ಕನ್ನಡಕ ಏರಿಸಿ ಬಗ್ಗಿ ನೋಡುತ್ತಿದ್ದರು. ನನ್ನನ್ನು ಕಂಡು ಫೈಲು ಹುಡುಕುವವರಂತೆ ಸರಿದರು.

೧೦ ಸೆಪ್ಟೆಂಬರ್, ಸಂಜೆ ೫.೩೦, ಆಫೀಸಿನಲ್ಲೇ

ಗಂಗಾಧರಪ್ಪನವರು ಬಂದರು. ದಪ್ಪ ಗಾಜಿನ ಕನ್ನಡಕ. ನೇರ ಕಿಟಕಿಗೆ ಬಂದು ಬಹಳ ಹೊತ್ತು ನೋಡಿದರು.

"ಇದು ನಮ್ಮ ಗಿಡಾನೇನಮ್ಮ?"

ಎಲ್ಲ ಹೇಳಿದೆ. ನನ್ನ ಚೊಂಬಿನದನ್ನೂ ಸೇರಿಸಿ. ಮಾತು ಮುಗಿಯುವ ಮೊದಲೇ ಮುರುಗಪ್ಪನವರು ಎದ್ದು ನಿಂತರು. "ನಾವೂ ಸುರಿದಿದ್ವಿ ಸಾರ್. ಉಳಿಸ್ದೋಳು ಈ ಹುಡುಗಿ."

ಗಂಗಾಧರಪ್ಪನವರು ಕಡ್ಡಿಯನ್ನು ಬುಡದಿಂದ ಸವರುತ್ತ ಮೇಲೆ ಬಂದರು. ಬೆರಳು ಚಿಗುರಿನ ಹತ್ತಿರ ನಿಂತಿತು.

"ಎಷ್ಟ್ ಎಲೆ ಅವೆ? ಸಣ್ಣದು ಇನ್ನೂ ಸರಿಯಾಗಿ ಕಾಣ್ಸಲ್ಲ."

"ಎರಡು ಸಾರ್. ಮೂರ್ನೇದು ಬಿಚ್ಕೊಳ್ತಾ ಐತೆ."

ಚೊಂಬಿನತ್ತ ಕೈ ಚಾಚಿದರು. ಆಮೇಲೆ, "ಒಂದ್ ಲೋಟ ನೀರು ಹಾಕ್ಲೇನಮ್ಮ?"

ಹೆಡ್ ಕ್ಲರ್ಕ್ ನನ್ನನ್ನು ಕೇಳಿದರು. ಮಣ್ಣು ಮುಟ್ಟಿ ನೋಡಿದೆ.

"ಇವತ್ತು ಬ್ಯಾಡ ಸಾರ್. ನಾಳೆ ಹಾಕ್ರಿ."

"ಆಗ್ಲಿ," ಎಂದು ಕುರ್ಚಿ ಎಳೆದುಕೊಂಡು ಕಿಟಕಿಯ ಪಕ್ಕ ಕೂತರು. ಇನ್ನೂ ಅಲ್ಲೇ ಇದ್ದಾರೆ. ಕಾಟಯ್ಯ ಬಾಗಿಲು ಹಾಕಲು ಬಂದವನು ಹೊಸ್ತಿಲಲ್ಲೇ ನಿಂತಿದ್ದಾನೆ. ಅವರನ್ನು ಎಬ್ಬಿಸಲು ನನಗೂ ಮನಸ್ಸು ಬರುತ್ತಿಲ್ಲ.