ರಾಣಿಯ ವಿಳಾಸ ತೋರಿಸುತ್ತಿರುವ ಪುಟವನ್ನು ಮುಚ್ಚಿ

ಮಾನ್ಯ ಮಾಹಿತಿ ಭದ್ರತಾ ಮುಖ್ಯಸ್ಥರೇ,

ನಮ್ಮ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಯಾವ ಮನೆಯಲ್ಲಿದ್ದಾರೆ, ಬೆಳಿಗ್ಗೆ ಎಲ್ಲಿ ನಿಂತು ವ್ಯಾನ್ ಹತ್ತುತ್ತಾರೆ ಎಂಬುದನ್ನು ತಮ್ಮ ಸಾಫ್ಟ್‌ವೇರು ಕೇಳಿದವರಿಗೆಲ್ಲ ಹೇಳುತ್ತಿದೆ. ಇದನ್ನು ನಾನು ತಮಗೆ ಮೇಲ್ ಮಾಡಿ ತಿಳಿಸಿದ್ದೆ. ಆಗ ಯಾರಿಗೂ ಏನೂ ಆಗಿರಲಿಲ್ಲ. ಈಗ ಆಗಿದೆ. ಆದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯವರು, ಮಗಳನ್ನೋ ಸೊಸೆಯನ್ನೋ ನಮ್ಮ ಕಾರ್ಖಾನೆಗೆ ಕಳಿಸುವವರು, ಓದುತ್ತಾರೆ.

ತಾವು ಬೆಂಗಳೂರಿನ ಪ್ರಧಾನ ಕಚೇರಿಯಲ್ಲಿದ್ದೀರಿ. ನಾನು ಕೊಳ್ಳೇಗಾಲ ಘಟಕದ ಟೈಮ್ ಆಫೀಸಿನವಳು. ಹಾಜರಿ, ರಜೆ, ವ್ಯಾನಿನ ವ್ಯವಸ್ಥೆ ನೋಡುತ್ತೇನೆ. ದೋಷ ಏನೆಂದು ಓದುಗರಿಗೂ ತಿಳಿಯಲಿ. ಕಾರ್ಮಿಕರು ಸಂಬಳದ ಚೀಟಿ ನೋಡಲು ಫೋನಿನಲ್ಲಿ ತಮ್ಮ ಗುರುತಿನ ಚೀಟಿಯ ನಂಬರು, ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕು. ಆಗ ತೆರೆಯುವ ಪುಟದ ಲಿಂಕಿನ ತುದಿಯಲ್ಲಿ ಅವರ ನಂಬರು ಇರುತ್ತದೆ. ಅದನ್ನು ಅಳಿಸಿ ಇನ್ನೊಬ್ಬರ ನಂಬರು ಹಾಕಿದರೆ ಅವರ ಪುಟ ತೆರೆಯುತ್ತದೆ. ಫೋಟೊ, ಫೋನ್ ನಂಬರು, ಮನೆ ವಿಳಾಸ, ಪಾಳಿ, ವ್ಯಾನ್ ಹತ್ತುವ ಜಾಗ ಎಲ್ಲವೂ ಅಲ್ಲಿರುತ್ತವೆ. ಒಳಗೆ ಬಂದವರು ಯಾರ ಪುಟ ನೋಡುತ್ತಿದ್ದಾರೆ ಎಂದು ಸಾಫ್ಟ್‌ವೇರು ವಿಚಾರಿಸುವುದೇ ಇಲ್ಲ. ಹೊಲಿಗೆಯ ಹುಡುಗಿಯರು ಊಟದ ಬಿಡುವಿನಲ್ಲಿ ಒಬ್ಬರ ಪುಟದ ಫೋಟೊವನ್ನು ಇನ್ನೊಬ್ಬರು ತೆರೆದು ನೋಡಿ ನಗುವುದನ್ನು ಕಂಡು ನನಗೆ ಇದು ಗೊತ್ತಾಯಿತು. ಅದೇ ದಿನ ತಮಗೆ ಬರೆದೆ.

ತಮ್ಮ ಕಚೇರಿಯ ಉತ್ತರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ, ಇದು ಕಡಿಮೆ ಅಪಾಯದ ದೋಷ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸಲಾಗುವುದು, ಅಲ್ಲಿಯವರೆಗೆ ಕಾರ್ಮಿಕರು ತಮ್ಮ ನಂಬರನ್ನು ಯಾರಿಗೂ ತಿಳಿಸದಂತೆ ಸೂಚಿಸತಕ್ಕದ್ದು. ಎಂಥ ದೂರದೃಷ್ಟಿ. ಆ ನಂಬರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಪ್ರತಿಯೊಬ್ಬರ ಕೊರಳಿಗೂ ನೇತುಹಾಕಿ, ಹಾಕಿಕೊಳ್ಳದೆ ಬಂದವರನ್ನು ಗೇಟಿನಿಂದ ವಾಪಸು ಕಳಿಸುವುದು ತಮ್ಮದೇ ನಿಯಮವಲ್ಲವೇ? ಕೊರಳಲ್ಲಿರುವ ಗುಟ್ಟನ್ನು ಕಾಪಾಡುವುದು ಹೇಗೆಂದು ತಾವು ತಿಳಿಸಲಿಲ್ಲ. ಹೊಸ ಆವೃತ್ತಿ ಬರುವವರೆಗೆ ಆ ಪುಟದಿಂದ ವಿಳಾಸವನ್ನೂ ವ್ಯಾನಿನ ಜಾಗವನ್ನೂ ತೆಗೆದುಹಾಕಬಹುದಿತ್ತು. ಅಥವಾ ಪುಟವನ್ನೇ ಮುಚ್ಚಿ, ಸಂಬಳದ ಚೀಟಿಯನ್ನು ಹಿಂದಿನಂತೆ ಕಾಗದದಲ್ಲೇ ಕೊಡಬಹುದಿತ್ತು. ಹಾಗೆಂದು ಮತ್ತೆ ಬರೆದೆ. ಉತ್ತರ ಬರಲಿಲ್ಲ.

ಈಗ ರಾಣಿಯ ವಿಷಯ. ಅವಳ ಹೆಸರು ಹಾಕಬೇಕೋ ಬೇಡವೋ ಎಂದು ಅವಳನ್ನೇ ಕೇಳಿದೆ. "ಎಸ್ರು ಆಕಕ್ಕ. ಅವನ್ಗೆ ಗೊತ್ತು, ಊರ್ಗೆಲ್ಲ ಗೊತ್ತು. ನಿಮ್ ದೊಡ್ಡ ಆಫೀಸ್ನೋರ್ಗೆ ಮಾತ್ರ ಗೊತ್ತಿಲ್ಲ" ಅಂದಳು.

ರಾಣಿ ಕೌದಳ್ಳಿಯ ಹೆಣ್ಣು. ಕಾಲರ್ ಹೊಲಿಯುವುದರಲ್ಲಿ ನಮ್ಮ ಘಟಕದಲ್ಲಿ ಅವಳ ಕೈ ಮೀರಿಸಿದವರಿರಲಿಲ್ಲ. ಗಂಡ ನಟರಾಜು ಮದುವೆಯಾದ ಹೊಸತರಲ್ಲಿ ನಮ್ಮಲ್ಲೇ ಲೋಡಿಂಗ್ ಕೆಲಸಕ್ಕಿದ್ದ. ಆಮೇಲೆ ಜಗಳವಾಡಿ ಬಿಟ್ಟುಹೋದ. ಮನೆಯಲ್ಲಿ ಹೊಡೆತ ಹೆಚ್ಚಾಗಿ, ಒಂದು ಸಲ ಕಿವಿಯಲ್ಲಿ ರಕ್ತ ಬಂದ ಮೇಲೆ ರಾಣಿ ಅವನನ್ನು ಬಿಟ್ಟಳು. ಮುಡಿಗುಂಡದಲ್ಲಿ ಪುಟ್ಟಮಲ್ಲಮ್ಮ ಎಂಬ ವಯಸ್ಸಾದ ಹೆಂಗಸು ತಮ್ಮ ಹಿತ್ತಿಲ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ತವರಿನವರಿಗೂ ರಾಣಿ ಆ ಮನೆ ಎಲ್ಲಿದೆ ಎಂದು ಹೇಳಲಿಲ್ಲ. ಫೋನಿನ ಸಿಮ್ ಬದಲಾಯಿಸಿದಳು. ಒಬ್ಬ ಹೆಂಗಸು ತನ್ನನ್ನು ಕಾಪಾಡಿಕೊಳ್ಳಲು ಏನೆಲ್ಲ ಮಾಡಬಹುದೋ ಅದನ್ನೆಲ್ಲ ಮಾಡಿದಳು.

ಆದರೆ ತಮ್ಮ ಸಾಫ್ಟ್‌ವೇರಿನಲ್ಲಿ ವಿಳಾಸ ಬದಲಾಯಿಸದೆ ವ್ಯಾನ್ ಸಿಗುವುದಿಲ್ಲ. ಟೈಮ್ ಆಫೀಸಿಗೆ ಬಂದು, "ಅಡ್ರೆಸ್ ಬರೀದೆ ಇದ್ರೆ ಆಗಕಿಲ್ವಕ್ಕ?" ಎಂದು ಕೇಳಿದಳು. ಪುಟದ ಕಥೆಯನ್ನು ಅವಳಿಗೆ ಹೇಳಿ, ವಿಳಾಸ ಇಲ್ಲದೆ ವ್ಯಾನಿಗೆ ಒಪ್ಪಿಗೆ ಕೊಡಿ ಎಂದು ಮ್ಯಾನೇಜರ್ ಸಾಹೇಬರ ಬಳಿ ಕರೆದುಕೊಂಡು ಹೋದೆ. "ಸಿಸ್ಟಮ್ ತಗೊಳ್ಳಲ್ಲಮ್ಮ, ನಾನೇನ್ ಮಾಡ್ಲಿ" ಅಂದರು. ಕಾರ್ಖಾನೆ ಊರಾಚೆ ಇದೆ, ಮುಡಿಗುಂಡದಿಂದ ನಡೆದು ಬರುವಷ್ಟು ಹತ್ತಿರದ ದಾರಿಯಲ್ಲ. ರಾಣಿ ಬರೆದಳು.

ಒಂದು ಬೆಳಿಗ್ಗೆ ಅವಳು ವ್ಯಾನಿಗೆ ಕಾಯುತ್ತಿದ್ದ ಜಾಗಕ್ಕೆ ನಟರಾಜು ಮಚ್ಚು ಹಿಡಿದು ಬಂದ. ಮುಖಕ್ಕೆ ಅಡ್ಡ ಹಿಡಿದ ಬಲಗೈಗೆ ಏಟು ಬಿತ್ತು. ಡ್ರೈವರ್ ಕೆಂಚಯ್ಯ ವ್ಯಾನ್ ನಿಲ್ಲಿಸಿ ಇಳಿದು, ಹಿಂದಿನಿಂದ ಅವನನ್ನು ತಬ್ಬಿ ಹಿಡಿಯದಿದ್ದರೆ ಇನ್ನೂ ಏಟು ಬೀಳುತ್ತಿದ್ದವು. ವ್ಯಾನಿನಲ್ಲಿದ್ದ ಹೆಣ್ಣುಮಕ್ಕಳು ತಮ್ಮ ವೇಲುಗಳಿಂದ ರಾಣಿಯ ಕೈ ಕಟ್ಟಿದರು. "ನಾನ್ ಇಳ್ಯದ್ರೊಳ್ಗೆ ಆಗೋಗಿತ್ತು ಕಣವ್ವ. ನನ್ ತೋಳಲ್ಲಿದ್ದಂಗೇ ಅವ್ನು ನಗ್ತಿದ್ದ" ಎಂದು ಕೆಂಚಯ್ಯ ಇವತ್ತಿಗೂ ಹೇಳುತ್ತಾರೆ. ನಕ್ಕಿದ್ದಷ್ಟೇ ಅಲ್ಲ, ಅಷ್ಟು ಜನರ ಮುಂದೆ ಅವನು ರಾಣಿಗೆ ಹೇಳಿದ ಮಾತು ತಾವು ಕೇಳಿಸಿಕೊಳ್ಳಬೇಕಾದದ್ದು. "ಎಲ್ಲೋಗಿ ಅವುತ್ಕಂಡ್ರೂ ನಿಮ್ ಕಂಪ್ನಿನೇ ತೋರುಸ್ತದೆ ಕಣ್ಲೇ."

ಅವನು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅವನ ಪಾಸ್‌ವರ್ಡ್ ನಡೆಯುತ್ತಲೇ ಇತ್ತು. ಹೆಂಡತಿಯ ಗುರುತಿನ ಚೀಟಿಯ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಠಾಣೆಯಲ್ಲಿ ಪುಟ ತೆರೆದು ತೋರಿಸಿದನಂತೆ. ಹಾಗಾದರೆ ಮಚ್ಚು ಹಿಡಿದವನಿಗೆ ಮಾತ್ರ ಕೇಸು, ದಾರಿ ತೋರಿಸಿದವರಿಗೆ ಏನೂ ಇಲ್ಲವೇ?

ಮೈಸೂರಿನ ಆಸ್ಪತ್ರೆಯಲ್ಲಿ ನರ ಜೋಡಿಸಿದರು. ಎರಡು ಬೆರಳು ಮಡಚುವುದಿಲ್ಲ. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಯಾಗಿ ತಿರುಗಿಸಲು ಬೇಕಾದ ಬೆರಳುಗಳೇ ಅವು. ನಾನು ನೋಡಲು ಹೋದಾಗ ರಾಣಿ ಎಡಗೈಯಲ್ಲಿ ಅನ್ನ ಕಲಸುತ್ತಿದ್ದಳು. ತಿನ್ನಿಸಲು ಹೋದೆ, ಬೇಡವೆಂದು ತಟ್ಟೆ ಎಳೆದುಕೊಂಡಳು.

ಇದಾದ ಮೇಲೆ ತಾವು ಕ್ರಮ ಕೈಗೊಂಡಿರಿ, ಇಲ್ಲವೆನ್ನುವುದಿಲ್ಲ. ಎಲ್ಲರೂ ಪಾಸ್‌ವರ್ಡ್ ಬದಲಾಯಿಸಬೇಕೆಂದು ಸುತ್ತೋಲೆ ಬಂತು. ಪಾಸ್‌ವರ್ಡ್ ಎಷ್ಟು ಗಟ್ಟಿಯಾದರೇನು, ಇನ್ನೊಬ್ಬರ ಪುಟ ತೆರೆಯಲು ಅವರ ಪಾಸ್‌ವರ್ಡೇ ಬೇಡವಲ್ಲ? ಮಾಹಿತಿ ಭದ್ರತೆ ನಮ್ಮೆಲ್ಲರ ಜವಾಬ್ದಾರಿ ಎಂಬ ಪೋಸ್ಟರುಗಳನ್ನು ನಲ್ಲಿಯ ಪಕ್ಕದಲ್ಲಿ ಅಂಟಿಸಿದರು. ಇದು ಗಂಡ ಹೆಂಡತಿಯ ಜಗಳ, ಸಾಫ್ಟ್‌ವೇರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಮ್ಮ ಕಚೇರಿಯವರು ಮೀಟಿಂಗಿನಲ್ಲಿ ಹೇಳಿದರು. ಗಂಡನ ಕೈಯಿಂದ ತಪ್ಪಿಸಿಕೊಂಡವಳ ಮನೆ ಬಾಗಿಲನ್ನು ಅವನಿಗೆ ತೋರಿಸಿಕೊಟ್ಟ ಮೇಲೂ ಸಂಬಂಧವಿಲ್ಲವೇ?

ರಾಣಿಯ ಒಪ್ಪಿಗೆ ಪಡೆದು ಈ ಬೆಳಿಗ್ಗೆ ನನ್ನ ಫೋನಿನಲ್ಲಿ ಅವಳ ನಂಬರು ಹಾಕಿ ನೋಡಿದೆ. ಪುಟ ತೆರೆಯಿತು.

ಅವಳು ಈಗ ಬೇರೆ ಊರಿನಲ್ಲಿದ್ದಾಳೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಮೊನ್ನೆ ಅವಳಿಗೆ ತಮ್ಮ ಕಚೇರಿಯಿಂದ ಮೆಸೇಜು ಬಂದಿದೆ. ಚಿಕಿತ್ಸೆಯ ನೆರವು ಪಡೆಯಲು ಈಗಿನ ವಿಳಾಸವನ್ನು ಸಾಫ್ಟ್‌ವೇರಿನಲ್ಲಿ ನಮೂದಿಸಬೇಕಂತೆ. ಫೋನ್ ಮಾಡಿ, "ಏನಂತ ಬರೀಲಕ್ಕ?" ಎಂದು ಕೇಳಿದಳು. ಬರೆಯಬೇಡ ಅಂದೆ. ನೆರವು ಬೇಕು, ವಿಳಾಸ ಕೊಡಬಾರದು, ಇಂಥ ಸ್ಥಿತಿಗೆ ಅವಳನ್ನು ತಂದಿಟ್ಟವರು ಯಾರು?

ಆ ಪುಟವನ್ನು ಇವತ್ತೇ ಮುಚ್ಚಿ. ಕೆಲಸ ಬಿಟ್ಟವರ ಪಾಸ್‌ವರ್ಡುಗಳನ್ನೆಲ್ಲ ರದ್ದು ಮಾಡಿ. ಯಾರ ಪುಟವನ್ನು ಯಾರು ತೆರೆದು ನೋಡಿದ್ದಾರೆ ಎಂಬ ವಿವರವನ್ನು ಪೊಲೀಸರಿಗೆ ಕೊಟ್ಟು, ಆ ಹೆಣ್ಣುಮಕ್ಕಳಿಗೂ ತಿಳಿಸಿ. ರಾಣಿಯ ಚಿಕಿತ್ಸೆಯ ನೆರವನ್ನು ವಿಳಾಸ ಕೇಳದೆ ಕೊಡಿ. ಹೊಸ ಆವೃತ್ತಿ ಯಾವಾಗ ಬೇಕಾದರೂ ಬರಲಿ, ಇದಕ್ಕೆ ಅದರ ಅಗತ್ಯವಿಲ್ಲ. ನಟರಾಜುವಿಗೆ ಕಳೆದ ವಾರ ಜಾಮೀನು ಸಿಕ್ಕಿದೆ.

ಇಂತಿ,
ಇದು ಅಚ್ಚಾದ ಮೇಲೂ ಕೆಲಸದಲ್ಲಿರುತ್ತೇನೋ ಇಲ್ಲವೋ ತಿಳಿಯದ,
ಭವ್ಯಶ್ರೀ
ಟೈಮ್ ಆಫೀಸ್, ಕೊಳ್ಳೇಗಾಲ ಘಟಕ