ಅವ್ವನಿಗೆ ಬರುತ್ತಿದ್ದ ಇಂಗ್ಲಿಷು

ದಾಬೋಲಿಮ್, ಗೋವಾ
೧೪–೮–೨೦೧೧

ನನ್ನ ಕರುಳಿನ ಮೀನಾಗೆ, ನಿನ್ನ ಅವ್ವ ತಲೆ ಸವರಿ ಬರೆಯುವುದು.

ಫೋನಿನಲ್ಲಿ ಹೇಳಹೋದರೆ ನಡುವೆಯೇ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಚುರುಮುರಿ ಪೊಟ್ಟಣದ ಕಾಗದ ಬಿಡಿಸಿ ಬಿಡಿಸಿ ನಾನು ಕಲಿತು, ಆಮೇಲೆ ನಿನಗೂ ಕಲಿಸಿದ ಅಕ್ಷರ. ತಪ್ಪಿದ್ದರೆ ಸರಿಮಾಡಿಕೊಂಡು ಓದು. ಮೀನಿನ ಕಾರ್ಖಾನೆಯ ಐಸಿಗೆ ನಿನ್ನ ಬೆರಳು ಇನ್ನೂ ಒಡೆಯುತ್ತವೆಯೇ? ಕೊಬ್ಬರಿ ಎಣ್ಣೆ ಹಚ್ಚಿಕೋ.

ಮೊನ್ನೆ ವಾಸ್ಕೋ ಬಸ್ಸಿನಲ್ಲಿ ನಿನ್ನ ನಾಲ್ಕನೇ ಇಯತ್ತೆಯ ಮರಿಯಮ ಟೀಚರ್ ಸಿಕ್ಕಿದ್ದರು. ಕೂದಲೆಲ್ಲ ಬೆಳ್ಳಗಾಗಿದೆ. ನನ್ನ ಕೈ ಹಿಡಿದು, ನಿಮ್ಮಂಥ ಮಕ್ಕಳಿಂದ ಕಲಿತ ಮುರುಕು ಕನ್ನಡದಲ್ಲಿ, "ಹುಲಿಗೆವ್ವ ಬಾಯಿ, ನನ್ನ ರಾಸ್ಕಲ್ ಎಲ್ಲಿದಾಳ?" ಅಂದರು.

ನನಗೆ ಮೈಯೆಲ್ಲ ಉರಿಯಿತು. "ಹತ್ತು ವರ್ಷ ಆತು, ಇನ್ನೂ ನನ್ನ ಮಗಳನ್ನ ಬಯ್ಯಾಕತ್ತೀರೇನ್ರಿ?" ಅಂದೆ. ಅವರು ನಕ್ಕರು, ಆಮೇಲೆ ನನ್ನ ಮುಖ ನೋಡಿ ಪಕ್ಕದಲ್ಲಿ ಕೂರಿಸಿಕೊಂಡರು. ಸಿಟ್ಟಿನಲ್ಲಿ ಅಂದರೆ ಅದು ಲಫಂಗ, ಮಕ್ಕಳಿಗೆ ಅಂದರೆ ತುಂಟಿ, ಮುದ್ದಿನ ಕಳ್ಳಿ ಎಂದು ತಿಳಿಸಿ ಹೇಳಿದರು.

ನಿನ್ನನ್ನು ಶಾಲೆ ಬಿಡಿಸಿದ್ದು ಆ ಒಂದು ಮಾತಿಗೆ, ಮಗಳೇ. ಮಾರ್ಕ್ಸ್ ಕಾರ್ಡಿನ ಕೆಳಗೆ ಟೀಚರ್ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ನಾವು ದುಡಿಯುತ್ತಿದ್ದ ಕಟ್ಟಡದ ಸೈಟಿನ ವಾಚ್‌ಮನ್ ಹತ್ತಿರ ಓದಿಸಿದೆ; ಅವನಿಗೆ ಅಕ್ಷರ ಗೊತ್ತಿತ್ತೇ ಹೊರತು ಅರ್ಥ ಗೊತ್ತಿರಲಿಲ್ಲ. ಅಷ್ಟು ಉದ್ದದ ಸಾಲಿನಲ್ಲಿ ನನಗೆ ತಿಳಿದದ್ದು ರಾಸ್ಕಲ್ ಒಂದೇ. ನಿನ್ನ ಅಪ್ಪನ ಸಿಮೆಂಟ್ ಬುಟ್ಟಿ ಒದ್ದಾಗಲೆಲ್ಲ ಕೂಲಿ ಮಾಡಿಸುವ ಮುಕಾದಮ ಅನ್ನುತ್ತಿದ್ದುದು ಅದನ್ನೇ. ನನಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು. ಅಪ್ಪನಿಗೆ ಸೈಟಿನಲ್ಲಿ, ಈಗ ಮಗಳಿಗೆ ಶಾಲೆಯಲ್ಲಿ, ಸಾಕು ಅನ್ನಿಸಿತು. ನಿನಗೆ ಮಾತ್ರ, ಟೀಚರೇ ಬರಬ್ಯಾಡ ಅಂದಾರ ಅಂತ ಹೇಳಿದೆ. ನೀನು ಏನೂ ಕೇಳದೆ ಪಾಟಿಚೀಲ ಗೂಟಕ್ಕೆ ಹಾಕಿದೆ.

ಅವರು ಹಾಗೆ ಅಂದಿರಲೇ ಇಲ್ಲ. ಆ ಸಾಲು ಏನಿತ್ತು ಅಂತ ಬಸ್ಸಿನಲ್ಲಿ ಕೇಳಿದೆ. ಅವರಿಗೆ ಇನ್ನೂ ನೆನಪಿದೆ: ಈ ರಾಸ್ಕಲ್ ಬಾರದ ದಿನ ನನ್ನ ಕ್ಲಾಸು ಸಪ್ಪಗೆ.

ಈಗ ಏನು ಓದಿದ್ದಾಳೆ ಎಂದು ಕೇಳಿದರು. ನನ್ನ ಸ್ಟಾಪ್ ಬಂದಿರಲಿಲ್ಲ, ಇಳಿದುಬಿಟ್ಟೆ.

ನನ್ನನ್ನು ಬೈದರೆ ಬೈ. ಆದರೆ ನಿನ್ನನ್ನು ಯಾರೂ ಬೇಡ ಅಂದಿರಲಿಲ್ಲ, ಅದು ನಿನಗೆ ಗೊತ್ತಿರಲಿ.

ನಿನ್ನ ಅವ್ವ
ಹುಲಿಗೆವ್ವ

ತಾ.ಕ.: ಶಾಲೆ ಬಿಡಿಸಿದ ವಾರ ನಮ್ಮ ಶೆಡ್ಡಿನೊಳಗೆ ಸಿಮೆಂಟ್ ಚೀಲದ ಹಿಂದೆ ಅಡಗಿ ನಾವಿಬ್ಬರೂ ಆಡಿದ ಕಣ್ಣಾಮುಚ್ಚಾಲೆ ನೆನೆದು ನೀನು ಈಗಲೂ ನಗುತ್ತೀ. ಅವತ್ತು ತಗಡಿನ ಬಾಗಿಲು ಬಡಿದು ಬಡಿದು ಹೋದವರು ಮರಿಯಮ ಟೀಚರ್. ಕೂತಲ್ಲಿ ಕೂರದ ಹುಡುಗಿ ನೀನು, ಅವ್ವ ಹೇಳಿದಳೆಂದು ಅವತ್ತೊಂದು ದಿನ ಮಿಸುಕಾಡಲಿಲ್ಲ.